ಎರಡು ಬೆರಳು ಬಿಟ್ಟು

ಅಂಗಡಿಯಿಂದ,
ಸೋಮವಾರ, ಹದಿನೇಳನೇ ತಾರೀಖು,
ಮಧ್ಯಾಹ್ನ, ಶಟರ್ ಅರ್ಧ ಎಳೆದುಕೊಂಡು

ಪ್ರೀತಿಯ ಇವರಿಗೆ,

ಇಪ್ಪತ್ತೇಳು ವರ್ಷ ನಿಮ್ಮನ್ನು "ರೀ" ಎಂದೇ ಕರೆದವಳು ಕಾಗದದಲ್ಲಿ ಏನೆಂದು ಕರೆಯಬೇಕೋ ತಿಳಿಯದೆ ಪೆನ್ನು ಕಚ್ಚಿಕೊಂಡು ಕುಳಿತಿದ್ದೆ. ಬಂದವರ ಹತ್ತಿರವೆಲ್ಲ "ಇವರು ಹೀಗಂದರು, ಇವರು ಹಾಗಂದರು" ಎನ್ನುವುದು ನನ್ನ ಅಭ್ಯಾಸ, ಆದ್ದರಿಂದ ಇಲ್ಲೂ ಇವರೇ ಇರಲಿ. ಮೊದಲು ಕೈ ಹೇಗಿದೆ ಹೇಳಿ. ಹೊಲಿಗೆ ಬಿಚ್ಚಿದರೇ? ಹೆಬ್ಬೆರಳಿಗೂ ಅದರ ಪಕ್ಕದ ಎರಡು ಬೆರಳಿಗೂ ಸ್ಪರ್ಶ ಬಂತೇ, ಅಥವಾ ಇನ್ನೂ ಹತ್ತಿ ಸುತ್ತಿದ ಹಾಗೇ ಇದೆಯೇ? ಡಾಕ್ಟರು ಕೊಟ್ಟ ಮೆತ್ತನೆಯ ಚೆಂಡನ್ನು ದಿನಕ್ಕೆ ನೂರು ಸಲ ನೀವೇ ಹಿಸುಕುತ್ತಿದ್ದೀರೋ, ಇಲ್ಲ ನಿಮ್ಮ ತಮ್ಮನ ಕೈಯಲ್ಲಿ ಹಿಸುಕಿಸಿ ಡಾಕ್ಟರ ಮುಂದೆ ಜಂಬ ಕೊಚ್ಚುತ್ತಿದ್ದೀರೋ? ನೀವು ಹೇಳಿ ಅವನು ಬರೆದ ಕಾಗದ ತಲುಪಿತು. ಅವನ ಅಕ್ಷರ ನೋಡಿದರೆ ಆಪರೇಷನ್ ಆಗಿರುವುದು ಅವನ ಕೈಗೇ ಇರಬೇಕು ಅನ್ನಿಸುತ್ತದೆ. ಅವನ ಹೆಂಡತಿಗೆ ಹೇಳಿ, ನಿಮಗೆ ಊಟಕ್ಕೆ ಚಮಚ ಕೊಡಬಾರದು. ಬೆರಳುಗಳಿಗೆ ಕೆಲಸ ಬೀಳಲಿ.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಎಂದರೆ ಸಾಲದು, ಎರಡು ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನೀವು "ಸರಿ ಸರಿ, ಇಡು" ಎನ್ನುತ್ತೀರಿ. ಕಾಗದಕ್ಕೆ ಹಾಗೆನ್ನಲು ಬರುವುದಿಲ್ಲ, ಪೂರ್ತಿ ಓದಲೇಬೇಕು. ಓದುವಾಗ ಎದುರಿಗೆ ತಮ್ಮ ಇದ್ದರೆ ಅವನನ್ನು ಯಾವುದಾದರೂ ನೆಪ ಹೇಳಿ ಹೊರಗೆ ಕಳುಹಿಸಿ.

ಆಪರೇಷನ್ನಿಗೆಂದು ತಮ್ಮನ ಊರಿನ ಬಸ್ಸು ಹತ್ತುವಾಗ ನೀವು ಹೇಳಿದ್ದು ಒಂದಕ್ಷರವೂ ಮರೆತಿಲ್ಲ. "ಇನ್ನು ಈ ಕೈ ಚಿಮಟ ಹಿಡಿಯಲ್ಲ ಕಣೇ. ಮುಂದಿನ ತಿಂಗಳ ಕೊನೆಗೆ ಅಂಗಡಿ ಕನ್ನಡಕದವ್ರಿಗೆ ಅಂತ ಮಾತು ಕೊಟ್ಟಾಗಿದೆ. ಅಲ್ಲೀವರೆಗೆ ರಿಪೇರಿ ಆಗಿರೋ ವಾಚುಗಳನ್ನ ಅವರವರಿಗೆ ಮುಟ್ಟಿಸು, ಉಳಿದಿದ್ದು ಏನು ಮಾರಾಟ ಆಗುತ್ತೋ ಮಾರಿಬಿಡು" ಅಂದಿರಿ. ನಾನು "ಆಗಲಿ" ಎಂದೆ. ಅದು ಒಪ್ಪಿಗೆಯಾಗಿರಲಿಲ್ಲ, ಬಸ್ಸು ಹೊರಟಿತ್ತು ಅಷ್ಟೆ. ನೀವು ಬಾಗಿ ಕುಳಿತು ಕುಳಿತು ಸವೆಸಿದ ಮೇಜು, ಒಂದಕ್ಕೊಂದು ತಾಳವಿಲ್ಲದೆ ಬಡಿದುಕೊಳ್ಳುವ ಗೋಡೆ ಗಡಿಯಾರಗಳು, ಎರಡೇ ಎರಡು ಸ್ಟೂಲು, ಇಷ್ಟು ಸಣ್ಣ ಜಾಗವನ್ನು ಬಿಟ್ಟುಕೊಡುವುದು ಇಷ್ಟು ಕಷ್ಟವಾದೀತು ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಕನ್ನಡಕದಂಗಡಿಯವರು ದಿನ ಬಿಟ್ಟು ದಿನ ಟೇಪು ಹಿಡಿದುಕೊಂಡು ಬರುತ್ತಾರೆ. ನಡುವಿನ ಗೋಡೆ ಒಡೆದು, ಸರಿಯಾಗಿ ನಿಮ್ಮ ಮೇಜು ಇರುವ ಕಡೆ ಕಣ್ಣು ಪರೀಕ್ಷೆಯ ಕುರ್ಚಿ ಹಾಕುತ್ತಾರಂತೆ. ಒಳ್ಳೆಯವರೇ, ಅಳೆಯುವಾಗ ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ. ಆದರೂ ಆ ಟೇಪು ಸರ್ರನೆ ಒಳಗೆ ಸುತ್ತಿಕೊಳ್ಳುವ ಶಬ್ದ ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ನನಗೆ ಈ ಅಂಗಡಿ ಬೇಕು. ಇಷ್ಟು ದಿನ ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಇನ್ನು ಸಂಗತಿಗೆ ಬರುತ್ತೇನೆ. ಮೇಲಿನ ಕಪಾಟಿನಲ್ಲಿ ನೀವು ಹಿಂದೊಮ್ಮೆ ಯಾರದೋ ಮಾತಿಗೆ ಮರುಳಾಗಿ ತರಿಸಿ, ಆಮೇಲೆ ಮುಖ ಕೂಡ ನೋಡದೆ ಇಟ್ಟ ಮಿಲಿಟರಿ ಪಟ್ಟಿಗಳ ಪೆಟ್ಟಿಗೆ ಇದೆಯಲ್ಲ, ಹಸಿರು, ಬೂದಿ, ನೀಲಿ ನೈಲಾನಿನವು? "ಇದು ವಾಚಿಗೆ ಕಟ್ಟೋದಲ್ಲ, ಹೋಲ್ಡಾಲಿಗೆ ಕಟ್ಟೋದು" ಎಂದು ನೀವು ಅದನ್ನು ಆಡಿಕೊಂಡಿದ್ದಿರಿ. ನೀವು ಹೋದ ನಾಲ್ಕನೇ ದಿನ, ಹೊಳೆ ದಾಟಿಸುವ ಲಾಂಚಿನಲ್ಲಿ ದಡಕ್ಕೆ ಹಗ್ಗ ಎಸೆಯುವ ಹೆಂಗಸು ಬಂದಳು. ಅವಳ ಹೆಸರು ಕೇಳುವುದಕ್ಕೂ ಆಗಲಿಲ್ಲ, ಅಷ್ಟು ಗಲಾಟೆಯವಳು. ನಾನು ಹಗ್ಗದಕ್ಕ ಎಂದು ಕರೆದೆ, ಅದೇ ನಿಂತಿತು. ಅವಳ ವಾಚಿನ ತೊಗಲು ಪಟ್ಟಿ ನೀರಿನಲ್ಲಿ ನೆಂದು ನೆಂದು ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. "ನೀರು ಬಿದ್ರೂ ಕೊಳೀಬಾರ್ದು ಅಂಥದ್ದೇನಾದ್ರೂ ಇದ್ರೆ ಕೊಡಕ್ಕಾ" ಎಂದಳು. ಆ ಪೆಟ್ಟಿಗೆ ಇಳಿಸಿದೆ. ವಾಚಿನಲ್ಲಿ ಪಟ್ಟಿ ಹಿಡಿಯುವ ಕಿವಿಗಳಿವೆಯಲ್ಲ, ಆ ಕಿವಿಯಿಂದ ಕಿವಿಗೆ ಸ್ಕೇಲಿಟ್ಟು ನೋಡಿದೆ, ಇಪ್ಪತ್ತು ಮಿಲಿಮೀಟರು, ಪಟ್ಟಿಯೂ ಇಪ್ಪತ್ತು. ಪಿನ್ನು ಎರಡನ್ನೂ ಕಿವಿಗಳಲ್ಲಿ ಕೂರಿಸಿ, ಪಟ್ಟಿಯನ್ನು ಮೇಲಿನ ಪಿನ್ನಿನ ಕೆಳಗೆ ತೂರಿಸಿ, ವಾಚಿನ ಬೆನ್ನಿನ ಹಿಂದೆ ಎಳೆದು, ಕೆಳಗಿನ ಪಿನ್ನಿನಿಂದ ಹೊರಗೆ ತೆಗೆದು, ಆಮೇಲೆ ಪಟ್ಟಿಯ ಬಕಲ್ ಕಡೆ ಹೆಚ್ಚುವರಿಯಾಗಿ ಹೊಲಿದಿರುವ ಚಿಕ್ಕ ತುಂಡಿನ ಉಂಗುರದೊಳಗೆ ದಾಟಿಸಿದೆ. ಈ ಚಿಕ್ಕ ತುಂಡು ಯಾಕೆ ಎಂದು ಅವಳು ಕೇಳಿದಳು. ನನಗೇನು ಗೊತ್ತು? ಗತ್ತಿನಿಂದ "ಅದು ಇರ್ಲೇಬೇಕು" ಎಂದೆ.

ಹತ್ತು ದಿನಕ್ಕೆ ಹಗ್ಗದಕ್ಕ ಓಡೋಡಿ ಬಂದಳು. ಬೀದಿಯುದ್ದಕ್ಕೂ ಅವಳ ಧ್ವನಿಯೇ ಮುಂದೆ ಬಂತು, ಆಮೇಲೆ ಅವಳು ಬಂದಳು. ಹಗ್ಗ ಬೀಸುವಾಗ ಕಂಬಕ್ಕೆ ಬಡಿದು ಒಂದು ಪಿನ್ನು ಎಗರಿಹೋಗಿತ್ತು. ತೊಗಲು ಪಟ್ಟಿಯಾಗಿದ್ದರೆ ವಾಚು ಹೊಳೆಯ ಪಾಲಾಗುತ್ತಿತ್ತು. ಇದು ಇನ್ನೊಂದು ಪಿನ್ನಿಗೆ ನೇತುಬಿದ್ದು ಕೈಯಲ್ಲೇ ಇತ್ತು! ಆ ಚಿಕ್ಕ ತುಂಡು ವಾಚನ್ನು ಪಟ್ಟಿಯ ಮೇಲೆ ಜಾರಲೂ ಬಿಟ್ಟಿರಲಿಲ್ಲ. "ಈ ಅಕ್ಕ ಹೇಳಿದ್ದು ನಿಜ ನೋಡ್ರಿ, ಅದು ಇರ್ಲೇಬೇಕು" ಎಂದು ಎದುರಿನ ಹೂವಿನಂಗಡಿಗೂ, ಪಕ್ಕದ ಕನ್ನಡಕದವರಿಗೂ, ದಾರಿಯಲ್ಲಿ ಹೋಗುತ್ತಿದ್ದವರಿಗೂ ವಾಚು ಎತ್ತಿ ಎತ್ತಿ ತೋರಿಸಿದಳು. ನಾನೇ ಆ ಪಟ್ಟಿಯನ್ನು ಕಂಡುಹಿಡಿದವಳ ಹಾಗೆ ನಿಂತಿದ್ದೆ. ಮಾರನೆಯ ದಿನ ಅವಳ ಮೇಲಿನವರು ಬಂದರು, ಕುತ್ತಿಗೆಯಲ್ಲಿ ಸದಾ ಸೀಟಿ ತೂಗುಹಾಕಿಕೊಳ್ಳುವವರು, ಅದಕ್ಕೇ ಎಲ್ಲರೂ ಅವರನ್ನು ಸೀಟಿಯವರು ಎನ್ನುತ್ತಾರೆ. ಲಾಂಚಿನ ಕೆಲಸದವರು ಒಟ್ಟು ಮೂವತ್ತೆಂಟು ಜನರಂತೆ. "ಮೊದ್ಲು ಆರು ಮಾಡ್ಕೊಡಿ. ಸರಿಹೋದ್ರೆ ಎಲ್ಲರಿಗೂ ನಿಮ್ಮ ಹತ್ರಾನೇ. ಆದ್ರೆ ಪಟ್ಟಿ ಬಾಲ ಉದ್ದ ಇರಬಾರ್ದು, ಮೆಷಿನ್ನಿಗೆ ಸಿಕ್ಕುತ್ತೆ" ಎಂದರು. ಅವರು ಹೋದಮೇಲೆ ಬಾಗಿಲ ಹಿಂದೆ ನಿಂತು ಒಂದು ಕುಣಿತ ಕುಣಿದೆ, ಗಡಿಯಾರಗಳಲ್ಲದೆ ಬೇರೆ ಯಾರೂ ನೋಡಲಿಲ್ಲ.

ಆಗಲೇ ನಿಮಗೆ ಬರೆದು ಕೇಳಿದ್ದು, ಈ ಪಟ್ಟಿಯ ಬಾಲ ಎಷ್ಟು ಕತ್ತರಿಸಬೇಕು ಎಂದು. ಆರ್ಡರಿನ ವಿಷಯ ಮಾತ್ರ ಬಾಯಿ ಬಿಡಲಿಲ್ಲ, ಅಂಗಡಿ ಖಾಲಿ ಮಾಡುವ ಮಾರಾಟಕ್ಕೆಂದೇ ನೀವು ಅಂದುಕೊಳ್ಳಲಿ ಎಂದು. ತಮ್ಮನ ಕೋಳಿಕಾಲಿನ ಅಕ್ಷರದಲ್ಲಿ ನಿಮ್ಮ ಉತ್ತರ ಬಂತು: ಕೈಗೆ ಕಟ್ಟಿ ಬಕಲ್ ಹಾಕಿದ ಮೇಲೆ, ತುದಿ ಹಿಡಿದಿಡುವ ಸ್ಟೀಲಿನ ಉಂಗುರಗಳಲ್ಲಿ ಎರಡನೆಯದನ್ನು ದಾಟಿ ಎರಡು ಬೆರಳು ಬಿಟ್ಟು ಕತ್ತರಿಸು, ಆ ಎರಡು ಬೆರಳನ್ನು ಹಿಂದಕ್ಕೆ ಮಡಚಿ ಅದೇ ಉಂಗುರಕ್ಕೆ ಸಿಕ್ಕಿಸು, ಮುಗಿಯಿತು. ಶಾಸನದ ಹಾಗೆ ಅದನ್ನು ಮೇಜಿನ ಗಾಜಿನಡಿ ಇಟ್ಟುಕೊಂಡೆ. ಆರು ಜನರನ್ನೂ ಒಬ್ಬೊಬ್ಬರಾಗಿ ಸ್ಟೂಲಿನ ಮೇಲೆ ಕೂರಿಸಿ ಕೈಗೆ ಕಟ್ಟಿ ನೋಡಿದೆ. ಎರಡನೇ ಉಂಗುರದ ಪಕ್ಕ ನನ್ನ ಎರಡು ಬೆರಳು ಅಡ್ಡಲಾಗಿ ಇಟ್ಟೆ, ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಚೂಪಾಗಿ ಕತ್ತರಿಸಿದರೆ ಚುಚ್ಚುತ್ತದೆಂದು ವಾಚಿನ ಹಿಂಬದಿ ಮುಚ್ಚಳವನ್ನು ಮೇಲಿಟ್ಟು ದುಂಡಗೆ ಕತ್ತರಿಸಿದೆ. ನೈಲಾನು ಕತ್ತರಿಸಿದ ಕೂಡಲೇ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದಲ್ಲ, ಅದಕ್ಕೆ ಬೆಂಕಿ ತೋರಿಸಬೇಕು. ಮೊದಲನೆಯದನ್ನು ಮೇಣದಬತ್ತಿಯ ಹಳದಿ ಜ್ವಾಲೆಗೆ ಹಿಡಿದೆ, ತುದಿಯೆಲ್ಲ ಮಸಿ. ಎರಡನೆಯದನ್ನು ಬುಡದ ನೀಲಿ ಭಾಗಕ್ಕೆ ಮೆಲ್ಲಗೆ ತೋರಿಸಿ, ಒದ್ದೆ ಚಮಚದ ಬೆನ್ನಿನಿಂದ ಒತ್ತಿದೆ. ಸುಂಯ್ ಎಂದಿತು, ಅಂಚು ಗಾಜಿನ ಹಾಗೆ ನುಣ್ಣಗಾಯಿತು! ಬೆರಳಿನಿಂದ ಒತ್ತಲು ಹೋಗಬಾರದು ಎನ್ನುವುದನ್ನೂ ಕಲಿತೆ, ಹೇಗೆ ಕಲಿತೆ ಎಂದು ಕೇಳಬೇಡಿ. ಒಬ್ಬನ ಮಣಿಕಟ್ಟು ತೀರ ಸಣ್ಣ, ಅವನಿಗೆ ದಬ್ಬಳ ಕಾಯಿಸಿ ಇನ್ನೊಂದು ತೂತು ಮಾಡಿಕೊಟ್ಟೆ. ಗುರುವಾರ ಆರೂ ಕೈಗಳು ಹೊಸ ಪಟ್ಟಿ ಕಟ್ಟಿಕೊಂಡು ಲಾಂಚು ಹತ್ತಿದವು.

ಶನಿವಾರ ಬೆಳಿಗ್ಗೆ ಸೀಟಿಯವರು ಆರು ವಾಚನ್ನೂ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಬಂದರು, ಹಿಂದೆ ಮುಖ ಸಣ್ಣ ಮಾಡಿಕೊಂಡು ಹಗ್ಗದಕ್ಕ. ಆರೂ ಪಟ್ಟಿಗಳು ಬಾಲ ಬಿಚ್ಚಿದ್ದವು, ನಿಜವಾಗಿಯೂ ಬಾಲ ಬಿಚ್ಚಿದ್ದವು! ಮಡಚಿ ಸಿಕ್ಕಿಸಿದ ತುದಿ ಒಂದೊಂದಾಗಿ ಉಂಗುರದಿಂದ ಪಟ್ಟನೆ ಹೊರಗೆ ಹಾರಿ, ಕೈ ಎತ್ತಿದಾಗಲೆಲ್ಲ ಎದ್ದು ನಿಲ್ಲುತ್ತಿತ್ತಂತೆ. "ಇದು ಆಗೋದಿಲ್ಲಮ್ಮಾ. ಯಜಮಾನ್ರು ಬಂದ್ಮೇಲೆ ಹೇಳಿ, ನೋಡೋಣ" ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಯಜಮಾನರು ಬರುವ ಹೊತ್ತಿಗೆ ಇಲ್ಲಿ ಕಣ್ಣು ಪರೀಕ್ಷೆಯ ಕುರ್ಚಿ ಇರುತ್ತದೆ ಎಂದು ನಾನು ಹೇಳಲಿಲ್ಲ. ಎಲ್ಲ ಮುಗಿಯಿತು, ನನ್ನ ಕೈಗೆ ಅಳತೆ ತಿಳಿಯುವುದಿಲ್ಲ ಎಂದು ನೀವು ಅನ್ನುತ್ತಿದ್ದುದೇ ಸರಿ ಅನ್ನಿಸಿತು. ಗಾಜಿನಡಿಯಿಂದ ನಿಮ್ಮ ಕಾಗದ ಎಳೆದು ಅವರ ಮುಂದೆ ಹಿಡಿದೆ. "ನೋಡಿ, ಎರಡು ಬೆರಳು ಅಂತಾನೇ ಬರೆದಿದ್ದಾರೆ, ನಾನು ಎರಡೇ ಬೆರಳು ಬಿಟ್ಟಿದ್ದೀನಿ" ಎಂದು ಒಂದು ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಕಾಗದ ಓದಿದರು, ನನ್ನ ಬೆರಳು ನೋಡಿದರು, ಅದರ ಪಕ್ಕಕ್ಕೆ ತಮ್ಮ ಎರಡು ಬೆರಳಿಟ್ಟರು. ನನ್ನದು ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಇನ್ನೂ ಒಂದು ಬೆರಳು ಆಚೆಗೆ ಹೋಯಿತು. "ಎರಡು ಬೆರಳು ಸರಿಯಮ್ಮಾ, ಆದ್ರೆ ಯಾರ ಬೆರಳು?" ಎಂದರು.

ರೀ, ನಾವಿಬ್ಬರೂ ಎಂಥ ಮಂಕುಗಳು! ಅಲ್ಲಿ ನೀವು ನಿಮ್ಮ ಕೊಡಲಿಕಾವಿನಂಥ ಬೆರಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದಿರಿ, ನಿಮ್ಮ ತಮ್ಮ ಬೆರಳೇ ಇಲ್ಲದವನ ಹಾಗೆ ಬರೆದ, ನಾನು ನನ್ನ ಬೆಂಡೆಕಾಯಿ ಬೆರಳಿಟ್ಟು ಕತ್ತರಿಸಿದೆ. ನಿಮ್ಮ ಎರಡೆಂದರೆ ನನ್ನ ಮೂರು! ಆ ಬೆರಳುಗಳನ್ನು ಇಷ್ಟು ವರ್ಷ ಹಿಡಿದವಳು ನಾನು, ನನಗೇ ಹೊಳೆಯಲಿಲ್ಲ. ಅಳು ಬರುವ ಮುಖದಲ್ಲೇ ನಗು ಬಂದುಬಿಟ್ಟಿತು. ಹಗ್ಗದಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು, ಸೀಟಿಯವರ ಸೀಟಿ ಕೂಡ ಎದೆಯ ಮೇಲೆ ಕುಣಿಯಿತು. ನಗುತ್ತಲೇ ನಿಮ್ಮ ನೆನಪಾಯಿತು. ಆ ದಪ್ಪ ಬೆರಳುಗಳು ಈಗ ಅಲ್ಲಿ ಏನನ್ನೂ ಅರಿಯದೆ ಚೆಂಡಿನ ಮೇಲೆ ಬಿದ್ದುಕೊಂಡಿವೆಯಲ್ಲ ಅನ್ನಿಸಿತು. ನಿಮಗೆ ಬೇಸರವಾದರೆ ಆಗಲಿ, ಅನ್ನಿಸಿದ್ದನ್ನು ಬರೆಯುತ್ತೇನೆ.

ಪೆಟ್ಟಿಗೆಯಿಂದ ಹೊಸ ಆರು ಪಟ್ಟಿ ತೆಗೆದು ಈ ಸಲ ಮೂರು ಬೆರಳು ಬಿಟ್ಟು ಮಾಡಿಕೊಡುತ್ತೇನೆ ಎಂದೆ. ಒಂದನ್ನು ಅಲ್ಲೇ ಕತ್ತರಿಸಿ, ಬೆಂಕಿ ತೋರಿಸಿ, ಮಡಚಿ ಸಿಕ್ಕಿಸಿ ಹಗ್ಗದಕ್ಕನ ಕೈಗೆ ಕಟ್ಟಿದೆ. ನಿಮ್ಮ ಲೆಕ್ಕ ಲೆಕ್ಕವೇ, ಅಲ್ಲಾಡಲಿಲ್ಲ. ಆದರೆ ಅವಳು ತನ್ನ ಹೆಗಲ ಮೇಲಿದ್ದ ಹಗ್ಗವನ್ನು ಮಣಿಕಟ್ಟಿನ ಮೇಲೆ ಹರಿಸಿ ನೋಡಿ ಮುಖ ಸಿಂಡರಿಸಿದಳು. "ಅಕ್ಕಾ, ಈ ಮಡಿಕೆ ದಪ್ಪ ಇದೆ ನೋಡು, ಹಗ್ಗ ಇಲ್ಲಿಗೆ ಬಂದು ತಡೀತದೆ. ಮಡಚೋದೇ ಯಾಕೆ?" ಎಂದಳು. ಮಡಚೋದೇ ಯಾಕೆ! ಅದು ನಿಮಗೂ ನನಗೂ ಹೊಳೆದಿರಲಿಲ್ಲ. ಡಬ್ಬಿಯಲ್ಲಿದ್ದ ಆ ಕುರುಚಲು ಆರರಲ್ಲಿ ಒಂದನ್ನು ಎತ್ತಿಕೊಂಡೆ. ಇನ್ನೊಂದು ಬೆರಳಷ್ಟು ಕತ್ತರಿಸಿದೆ, ನನ್ನದೇ ಬೆರಳು. ಎರಡನೇ ಉಂಗುರ ದಾಟಿ ಒಂದೇ ಬೆರಳು ಉಳಿಯಿತು. ದುಂಡಗೆ ಮಾಡಿ, ನೀಲಿ ಜ್ವಾಲೆಗೆ ತೋರಿಸಿ, ಚಮಚದಿಂದ ಒತ್ತಿದೆ. ಹಗ್ಗದಕ್ಕನ ಕೈಗೆ ಕಟ್ಟಿದರೆ ಮಡಿಕೆಯಿಲ್ಲದೆ ಚಪ್ಪಟೆಯಾಗಿ ಅಂಟಿ ಕುಳಿತಿತು. ಹಗ್ಗದಕ್ಕ ಹಗ್ಗ ಹರಿಸಿದಳು, ಸರಾಗವಾಗಿ ಹೋಯಿತು. ಸೀಟಿಯವರಿಗೆ ಸಾಲದು, ನನ್ನ ಬಕೆಟ್ಟಿನಲ್ಲಿ ಅವಳ ಕೈ ಮುಳುಗಿಸಿ, ಎತ್ತಿ, ಕೊಡವಿಸಿ, ಮತ್ತೆ ಹಗ್ಗ ಎಳೆಸಿದರು. ನೆಲವೆಲ್ಲ ನೀರು, ಆದರೆ ಬಾಲ ಅಲ್ಲಾಡಲಿಲ್ಲ. ಮಳೆಕೋಟಿನ ತೋಳಿನ ಮೇಲೆ ವಾಚು ಕಟ್ಟುವವರೂ ಇದ್ದಾರಂತೆ, ಅಂಥವರಿಗೆ ಉದ್ದ ಬೇಕಾಗುತ್ತದೆ, ಕೇಳಿಕೊಂಡೇ ಕತ್ತರಿಸುತ್ತೇನೆ ಎಂದೆ. ಅವರು ಡಬ್ಬಿಯಲ್ಲಿ ಉಳಿದ ಐದು ಪಟ್ಟಿಗಳನ್ನೂ ನನ್ನ ಕಡೆ ತಳ್ಳಿ ಸ್ಟೂಲಿನ ಮೇಲೆ ಕುಳಿತರು. ಆರನೆಯದು ಮುಗಿದಾಗ ಎದ್ದು, "ಉಳಿದ ಮೂವತ್ತೆರಡು ಜನಾನೂ ದಿನಕ್ಕೆ ನಾಲ್ಕು ಜನರ ಹಾಗೆ ಕಳಿಸ್ತೀನಿ. ಆಚೆ ದಡದವರೂ ಕೇಳ್ತಿದ್ದಾರೆ" ಎಂದರು. ಆಚೆ ದಡದವರೂ, ಕೇಳಿಸಿತೇ?

ಇವತ್ತು ಬೆಳಿಗ್ಗೆ ಮೊದಲ ನಾಲ್ವರು ಬಂದು ಹೋದರು. ಒಬ್ಬನ ವಾಚಿನ ಕಿವಿ ಹದಿನೆಂಟು, ಅವನು ಆರಿಸಿದ ಪಟ್ಟಿ ಇಪ್ಪತ್ತು, ಹಿಂಡಿ ತೂರಿಸಿದ್ದರೆ ಅಂಚು ಸುಕ್ಕುಗಟ್ಟುತ್ತಿತ್ತು, ನಾನು ಹುಡುಕಿ ಹದಿನೆಂಟರದೇ ಕೊಟ್ಟೆ. ನೀವಿದ್ದಿದ್ದರೆ ಬೆನ್ನು ತಟ್ಟುತ್ತಿದ್ದಿರಿ, ಅಥವಾ ಬೆನ್ನು ತಟ್ಟದಿದ್ದರೂ ಸುಮ್ಮನಿರುತ್ತಿದ್ದಿರಿ, ನಿಮ್ಮ ವಿಷಯದಲ್ಲಿ ಎರಡೂ ಒಂದೇ. ಇನ್ನೊಬ್ಬಳು ತನ್ನ ವಾಚು ನಿಧಾನ ಹೋಗುತ್ತದೆ ಎಂದಳು. ಅದನ್ನು ಕಿವಿಗೆ ಹಿಡಿದೆ, ನನಗೆ ಟಿಕ್ ಟಿಕ್ ಬಿಟ್ಟು ಬೇರೇನೂ ಕೇಳಿಸಲಿಲ್ಲ. ನೀವಾಗಿದ್ದರೆ ಹಿಡಿದ ಕೂಡಲೇ ಏನಾಗಿದೆ ಎನ್ನುತ್ತಿದ್ದಿರಿ. ಚಿಮಟ ಹಿಡಿಯಲು ಆಗುವುದಿಲ್ಲ ಎಂದು ನೀವು ಕೈ ಚೆಲ್ಲಿ ಕುಳಿತಿರಿ. ನಿಮ್ಮ ಕಿವಿಗೇನಾಗಿದೆ? ಕಣ್ಣಿಗೇನಾಗಿದೆ? ಬಾಯಿಗಂತೂ ಏನೂ ಆಗಿಲ್ಲ. ನೀವು ಸ್ಟೂಲಿನ ಮೇಲೆ ಕುಳಿತು "ಅಲ್ಲಲ್ಲ, ಎಡಕ್ಕೆ, ಮೆತ್ತಗೆ ಕಣೇ" ಎಂದು ಬೈಯಿರಿ, ನಾನು ಚಿಮಟ ಹಿಡಿಯುತ್ತೇನೆ. ಒಂದೆರಡು ವಾಚು ಹಾಳು ಮಾಡುತ್ತೇನೆ, ಆಮೇಲೆ ಕಲಿಯುತ್ತೇನೆ. ಕೈ ಸರಿಹೋದರೆ ನಿಮ್ಮ ಮೇಜು ನಿಮಗೆ, ಪಟ್ಟಿಯ ಮೇಜು ನನಗೆ. ಸರಿಹೋಗದಿದ್ದರೂ ಅಂಗಡಿ ತೆರೆದಿರಬಹುದು ಎಂದು ನನಗನ್ನಿಸುತ್ತದೆ. ಸಮಾಧಾನದಿಂದ ಯೋಚನೆ ಮಾಡಿ ನೋಡಿ, ಅಷ್ಟೇ ನಾನು ಹೇಳುವುದು.

ಕೈಯನ್ನು ತಣ್ಣೀರಿಗೆ ಹಾಕಬೇಡಿ, ಭಾರ ಎತ್ತಬೇಡಿ, ತಮ್ಮನ ಮನೆಯ ಗಡಿಯಾರ ಬಿಚ್ಚಲು ಹೋಗಬೇಡಿ. ತಮ್ಮನಿಗೆ, ಅವನ ಹೆಂಡತಿಗೆ ನಾನು ಕೇಳಿದೆನೆಂದು ಹೇಳಿ. ನಿಮ್ಮ ಬೆರಳುಗಳಿಗೆ ಬೇಗ ಜೀವ ಬರಲಿ ಎಂದು ಕೂತಲ್ಲಿ ನಿಂತಲ್ಲಿ ಬೇಡಿಕೊಳ್ಳುತ್ತಿರುವ,

ನಿಮ್ಮ
ಇವಳು

ಮರೆತಿದ್ದೆ, ಅಂಚೆಡಬ್ಬ ತೆಗೆಯುವ ಹೊತ್ತಾಯಿತು, ನಿಂತುಕೊಂಡೇ ಬರೆಯುತ್ತಿದ್ದೇನೆ. ಮರೆತಿದ್ದೆ ಎನ್ನುವುದು ಸುಳ್ಳು, ಇಷ್ಟು ಹಾಳೆ ಬರೆದರೂ ಧೈರ್ಯ ಬಂದಿರಲಿಲ್ಲ. ಬೆಳಿಗ್ಗೆ ಕನ್ನಡಕದವರು ಟೇಪು ಹಿಡಿದು ಬಂದಾಗ, ಅಂಗಡಿ ಕೊಡುವುದಿಲ್ಲ ಎಂದು ಹೇಳಿಬಿಟ್ಟೆ. ನೀವು ಕೊಟ್ಟ ಮಾತನ್ನು ನಿಮ್ಮನ್ನು ಕೇಳದೆ ಮುರಿದೆ. ಅವರು ತಬ್ಬಿಬ್ಬಾಗಿ "ಯಜಮಾನ್ರು ಒಪ್ಪಿದ್ದಾರಾ?" ಎಂದರು. ನಾನು "ಹೂಂ, ಅವರೇ ಹೇಳಿದ್ದು" ಎಂದೆ. ಪಾಪ, ಚಪ್ಪಲಿ ಮೆಟ್ಟಿಕೊಂಡು ಹೋದರು, ಟೇಪು ಇಲ್ಲೇ ಬಿಟ್ಟಿದ್ದಾರೆ. ಗುರುವಾರ ಗಾಜು ತರಲು ನೀವಿರುವ ಊರಿಗೇ ಬರುತ್ತಾರಂತೆ, ನಿಮ್ಮನ್ನು ಕಂಡು ಒಂದು ಮಾತು ಕೇಳಿಯೇ ಹೋಗುತ್ತಾರಂತೆ. ಈ ಕಾಗದ ಬುಧವಾರ ನಿಮ್ಮ ಕೈ ಸೇರಬೇಕು, ಅದಕ್ಕೇ ಓಡುತ್ತಿದ್ದೇನೆ. ರೀ, ಇಷ್ಟು ವರ್ಷದಲ್ಲಿ ನಿಮ್ಮನ್ನು ಏನೂ ಕೇಳಿಲ್ಲ ಎನ್ನುವುದಿಲ್ಲ, ಬೇಕಾದಷ್ಟು ಕೇಳಿದ್ದೇನೆ. ಇದೊಂದು ಕೊಡಿ. ಬೈಯುವುದನ್ನು ಬಂದ ಮೇಲೆ ಬೈಯಿರಿ. ಅವರು ಕೇಳಿದಾಗ ಹೂಂ ಎನ್ನಿ. ಬಾಯಿ ಬರದಿದ್ದರೆ ತಲೆಯನ್ನಾದರೂ ಆಡಿಸಿ.